ಮೊಲದ ತಟ್ಟೆ, ಪಾಚಿಯ ತಟ್ಟೆ

ಗುಡ್ಡದ ಎರಡು ಮಗ್ಗುಲಿಗೂ ಬೇಲಿ ಹಾಕಲು ತಂದ ತಂತಿಯಲ್ಲಿ ಅರ್ಧವನ್ನು ದೊಡ್ಡ ಸಾಹೇಬರ ಬಂಗಲೆಯ ಸುತ್ತ ಬಿಗಿದರು.

ಉಳಿದ ತಂತಿ ಒಂದು ಮಗ್ಗುಲಿಗೆ ಸಾಕಾಗುವಷ್ಟಿತ್ತು. ಗುಡ್ಡಕ್ಕೆ ಮಗ್ಗುಲು ಎರಡಿದ್ದವು. ಬಿಸಿಲು ಬೀಳುವ ಮಗ್ಗುಲಿನ ಮಣ್ಣಿನ ಬಿಲಗಳಲ್ಲಿ ಗಿಡ್ಡ ಕಿವಿಯ ಕಾಡುಮೊಲಗಳಿದ್ದವು. ಅಂಥವು ಲೋಕದಲ್ಲಿ ಬೇರೆಲ್ಲೂ ಉಳಿದಿಲ್ಲವಂತೆ. ಬಿಸಿಲು ಬೀಳದ ಮಗ್ಗುಲಿನಲ್ಲಿ, ನೀರು ಜಿನುಗುವ ಬಂಡೆಯ ಮೇಲೆ, ಬೂದುಹಸಿರು ಪಾಚಿಯಿತ್ತು. ಅದೂ ಬೇರೆಲ್ಲೂ ಉಳಿದಿಲ್ಲವಂತೆ. ಬೇಲಿ ಬಿದ್ದ ಮಗ್ಗುಲನ್ನು ಯಾರೂ ಮುಟ್ಟುವಂತಿಲ್ಲ. ಬೇಲಿ ಬೀಳದ ಮಗ್ಗುಲು ಜಲ್ಲಿ ಕಂಟ್ರಾಕ್ಟರಿಗೆ. ಅವನು ಬಂಡೆ ಸಿಡಿಸಿ, ಪುಡಿ ಮಾಡಿ, ಲಾರಿಗೆ ತುಂಬಬಹುದು. ಎರಡೂ ಮಗ್ಗುಲಿನ ಬುಡದಲ್ಲಿ ಒಂದೊಂದು ಬೀದಿಯಿತ್ತು. ಬೀದಿಗಳಲ್ಲಿ ಮನುಷ್ಯರಿದ್ದರು. ಆದರೆ ಮನುಷ್ಯರು ಲೋಕದಲ್ಲಿ ಬೇರೆ ಕಡೆಯೂ ಬೇಕಾದಷ್ಟು ಸಿಗುತ್ತಾರಾದ್ದರಿಂದ ಅವರ ಮಾತನ್ನು ಯಾರೂ ಎತ್ತಲಿಲ್ಲ.

"ಮೊಲ ಹೆಚ್ಚೋ, ಪಾಚಿ ಹೆಚ್ಚೋ? ಹೋಲಿಸಿ ಹೇಳೋಕೆ ಒಬ್ಬ ಬೇಕಲ್ರೀ," ಅಂದರು ದೊಡ್ಡ ಸಾಹೇಬರು.

ಕೈಕೆಳಗಿನವರೆಲ್ಲ ಫ್ಯಾನು ನೋಡತೊಡಗಿದರು. ಇಷ್ಟೊಂದು ಜನ ಇಷ್ಟು ಶ್ರದ್ಧೆಯಿಂದ ನೋಡುತ್ತಾರೆಂದು ಆ ಫ್ಯಾನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಕಡೆಗೆ ಮೂಲೆಯ ಗುಮಾಸ್ತನೊಬ್ಬ, ತನ್ನ ತಲೆಗೆ ಬರಬಹುದಾದದ್ದು ಇನ್ನೊಬ್ಬನ ತಲೆಗೆ ಹೋಗಲೆಂಬ ಪುಣ್ಯ ಚಿಂತನೆಯಿಂದ, "ಹೋಲಿಸೋದೇ ಕಸುಬಾಗಿರೋ ಒಬ್ಬ ನಮ್ಮ ತೂಕ-ಅಳತೆ ಕಚೇರೀಲಿ ಇದ್ದಾನಲ್ಲ ಸಾರ್," ಅಂದ.

ಹೀಗೆ ತಕ್ಕಡಿಗೆ ಕರೆ ಹೋಯಿತು.

ತಕ್ಕಡಿ ಅಂದರೆ ಇಲ್ಲಿ ಸಾಮಾನಲ್ಲ, ಮನುಷ್ಯ. ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇದ್ದಿರಬೇಕು. ಅಂಗಡಿಯವರು ಕರೆದೂ ಕರೆದೂ ಈ ಹೆಸರು ಅಂಟಿಕೊಂಡು, ಸಿಟ್ಟು ಬಂದಾಗ ಹೆಂಡತಿ ಕೂಡ ಹಾಗೇ ಕರೆಯುತ್ತಿದ್ದಳು. ಅಂಗಡಿ ಅಂಗಡಿಗೆ ಹೋಗಿ, ಅವರ ತೂಕದ ಬಟ್ಟನ್ನು ಒಂದು ತಟ್ಟೆಗೆ, ತನ್ನ ಪೆಟ್ಟಿಗೆಯ ಸರ್ಕಾರಿ ಹಿತ್ತಾಳೆ ಬಟ್ಟನ್ನು ಇನ್ನೊಂದು ತಟ್ಟೆಗೆ ಇಟ್ಟು, ಸರಿಸಮ ನಿಲ್ಲುತ್ತದೆಯೇ ನೋಡುವುದು ಅವನ ಕೆಲಸ. ಕಮ್ಮಿ ಬಂದರೆ ಜಪ್ತಿ ಮಾಡಬಹುದು. ಈ ಅಧಿಕಾರವನ್ನು ಅವನು ಹೊಸ ಪಾತ್ರೆಯ ಹಾಗೆ ಇನ್ನೂ ಬಳಸದೆ ಇಟ್ಟುಕೊಂಡಿದ್ದ. ಅಂಗಡಿಯವರು ಅಧಿಕಾರಿಗೆ ಹೆದರುವುದು ಲೋಕರೂಢಿ. ನಮ್ಮವನು ಅಂಗಡಿಯವರಿಗೆ ಹೆದರುತ್ತಿದ್ದ. "ಬಹಳ ಚೆನ್ನಾಗಿದೆ ಸ್ವಾಮಿ ಈ ಬಟ್ಟು. ಒಳ್ಳೇ ಹೊಳಪು. ಒಂಚೂರು ಹಗುರ ಅನ್ನೋದೊಂದು ಬಿಟ್ರೆ..." ಅನ್ನುವನು. ಅಂಗಡಿಯವನು ತಲೆಯೆತ್ತಿದರೆ ಸಾಕು, "ಹೊಳಪಿನ ವಿಚಾರ ಹೇಳ್ದೆ ಅಷ್ಟೆ," ಅಂದು ಪೆಟ್ಟಿಗೆ ಮುಚ್ಚಿ ನಡೆದುಬಿಡುವನು.

ಫೋನು ಬಡಿದುಕೊಂಡರೆ ಅವನಿಗೆ ಹೆದರಿಕೆ. ಬಡಿದುಕೊಳ್ಳದಿದ್ದರೆ ಏನೋ ಆಗಿದೆಯೆಂದು ಹೆದರಿಕೆ. ನಾಯಿ, ಜೇಡ, ಲಿಫ್ಟು, ಹಿಂದಿನಿಂದ ಬಂದು ಭುಜ ತಟ್ಟುವ ಸ್ನೇಹಿತರು. ಬಾಗಿಲು ಮುಚ್ಚಿ ಮಾತಾಡುವ ಮೇಲಧಿಕಾರಿಗಳು, ಬಾಗಿಲು ತೆರೆದಿಟ್ಟು ಮಾತಾಡುವ ಅಕ್ಕ.

ಸಾಹೇಬರ ಕೋಣೆಯ ಬಾಗಿಲು ಮುಚ್ಚಿತ್ತು.

"ನೀನೇನಾ ಹೋಲಿಸೋನು?"

"ಬಟ್ಟು ಮಾತ್ರ ಸಾರ್."

"ಬಟ್ಟಾದ್ರೇನು, ಬೆಟ್ಟವಾದ್ರೇನು? ಈ ಕಡೆ ಮೊಲ, ಆ ಕಡೆ ಪಾಚಿ. ಯಾವುದು ಹೆಚ್ಚು ಅಂತ ಹೇಳು."

"ನನಗೆ ಎರಡರ ವಿಚಾರಾನೂ ಏನೂ ಗೊತ್ತಿಲ್ಲ ಸಾರ್."

"ಅದಕ್ಕೇ ನಿನ್ನ ಆರಿಸಿದ್ದು. ಗೊತ್ತಿರೋರು ವಾದ ಮಾಡ್ತಾರೆ." ಸಾಹೇಬರು ಮೇಜಿನ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡರು. "ಸ್ವಲ್ಪ ದಿನ ಗುಡ್ಡದ ಮೇಲೆ ಓಡಾಡು. ಜನ ನೋಡ್ಲಿ. ಆಮೇಲೆ ಯಾವುದೋ ಒಂದನ್ನ ಹೇಳು. ತಪ್ಪಾದ್ರೆ ತಪ್ಪು ನಿನ್ನದು, ಸರಿಯಾದ್ರೆ ನಾನಿದ್ದೀನಿ."

ಇಂಥ ಧೈರ್ಯದ ಮಾತನ್ನು ಮೇಲಧಿಕಾರಿ ಬಾಯಲ್ಲಿ ಕೇಳಿದವನು ಬಾಗಿಲು ದೂಡಬೇಕಾದ ಕಡೆ ಎಳೆದು, ಎಳೆಯಬೇಕಾದ ಕಡೆ ದೂಡಿ ಒದ್ದಾಡಿದ; ಕೊನೆಗೆ ಜವಾನ ಬಂದು ಬಿಡಿಸಬೇಕಾಯಿತು.

ಆದರೆ ಬೀದಿಗೆ ಬಂದು ಗಾಳಿ ತಾಗುತ್ತಲೇ ಹೆದರಿಕೆಯ ಜಾಗದಲ್ಲಿ ಒಂದು ಚಿಕ್ಕ ಜಂಬ ಮೊಳೆಯಿತು. ಮನೆ ಮುಟ್ಟುವಷ್ಟರಲ್ಲಿ ಅದು ಮರವಾಗಿತ್ತು.

"ಇವತ್ತಿಂದ ನಾನು ಅಳಿವಿನಂಚಿನ ಜೀವಿಗಳ ತಜ್ಞ," ಎಂದು ಹೊಸಿಲಲ್ಲೇ ಘೋಷಿಸಿದ.

ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದಳು. "ಜಿರಲೆ ಕಂಡ್ರೆ ಮಂಚ ಹತ್ತಿ ನಿಲ್ಲೋರು ನೀವು."

"ಜಿರಲೆ ಅಳಿವಿನಂಚಿನಲ್ಲಿಲ್ಲ. ಅದು ನನ್ನ ವ್ಯಾಪ್ತಿಗೆ ಬರಲ್ಲ."

ಅವನು ವಿಷಯವನ್ನೆಲ್ಲ ಹೇಳಿದ. ಅವಳು ಸೂಜಿಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳಿದಳು. ಆಮೇಲೆ, "ರೀ, ನಿಮ್ಮಕ್ಕನ ಮನೆ ಯಾವ ಮಗ್ಗುಲಲ್ಲಿದೆ?" ಅಂದಳು.

ತಜ್ಞ ಗೋಡೆಗೆ ಆನಿಕೊಂಡ. ಅಕ್ಕನ ಮನೆಯ ಹಿಂಗೋಡೆಯೇ ಗುಡ್ಡ, ಮೊಲದ ಮಗ್ಗುಲು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಅನ್ನ ತಿನ್ನಿಸಲು ಕಪಾಳಕ್ಕೊಂದು ಕೊಟ್ಟು, ಕೊಟ್ಟದ್ದಕ್ಕೆ ತಾನೇ ಅತ್ತು, ಅಳಿಸಿದನೆಂದು ಇನ್ನೊಂದು ಕೊಡುತ್ತಿದ್ದ ಅಕ್ಕ.

"ಹಾಗಾದ್ರೆ ಮೊಲ ಅಂದ್ಬಿಡ್ತೀನಿ. ಮುಗೀತು."

"ಅನ್ನಿ. ಪಾಚಿ ಮಗ್ಗುಲಲ್ಲಿ ಇಸ್ತ್ರಿ ಅಜ್ಜಿ ಇದ್ದಾಳೆ. ಆ ಬಂಡೆ ನೀರಲ್ಲೇ ಆ ಬೀದಿಯವರೆಲ್ಲ ಬಟ್ಟೆ ಒಗೆಯೋದು. ಬಂಡೆ ಹೋದ್ರೆ ಅವರ ಹೊಟ್ಟೆಪಾಡು ಹೋಯ್ತು." ಅವಳು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದಳು. "ಅದೂ ಅಲ್ದೆ ನೀವು ಹಾಕ್ಕೊಂಡಿರೋದು ಬಿಟ್ರೆ ನಿಮ್ಮ ಪ್ಯಾಂಟೆಲ್ಲ ಈಗ ಅಜ್ಜಿ ಹತ್ರಾನೇ ಇದೆ."

ತಜ್ಞನ ಕಾಲು ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಅವನು ಮಾಡಿದ ತಪ್ಪು ಒಂದೇ: ಗಡ್ಡ ಕೆರೆಸಲು ಹೋದದ್ದು. ಪಕ್ಕದ ಕ್ಷೌರದಂಗಡಿಯವನ ಕಿವಿಗೆ ಸುದ್ದಿ ಮುಟ್ಟಿ ಆಗಿತ್ತು. ಅವನ ಕಿವಿಗೆ ಮುಟ್ಟದ ಸುದ್ದಿ ಇನ್ನೂ ಹುಟ್ಟಿಲ್ಲ. ಕೆನ್ನೆಗೆ ನೊರೆ ಹಚ್ಚುತ್ತ, "ಅಲ್ಲ ಸ್ವಾಮಿ, ಮೊಲ ಪ್ರಾಣಿ, ಪಾಚಿ ಪಾಚಿ. ಹೇಗೆ ಹೋಲಿಸ್ತೀರಿ?" ಅಂದ.

ನಮ್ಮವನು ಆ ಬಗ್ಗೆ ಇನ್ನೂ ಯೋಚಿಸಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಕತ್ತಿ ಗಂಟಲ ಮೇಲಿತ್ತು. ಬೆಂಚಿನ ಮೇಲೆ ಕಾಯುತ್ತಿದ್ದವರು ಪೇಪರು ಕೆಳಗಿಟ್ಟಿದ್ದರು. ತಜ್ಞನಾಗಿ ಇನ್ನೂ ಒಂದು ದಿನವಾಗಿರಲಿಲ್ಲ.

"ತಕ್ಕಡಿ ಇಲ್ವಾ?" ಅಂದ, ತುಟಿ ಆಡಿಸದೆ.

"ಅಂದ್ರೆ ತೂಗೋದಾ?"

ಕತ್ತಿ ಗಂಟಲಮಣಿಯ ಹತ್ತಿರ ನಿಂತಿತು. ಅಂಥ ಹೊತ್ತಿನಲ್ಲಿ ಇಲ್ಲ ಅನ್ನುವುದಕ್ಕೆ ತಲೆಯಾಡಿಸಬೇಕು. ತಲೆಯಾಡಿಸಿದರೆ ಗಂಟಲು ಹೋಗುತ್ತದೆ. "ಹೂಂ," ಅಂದ.

ಒಂದು ನಾಡಿನ ಹಣೆಬರಹ ಇಂಥ ಹೂಂಗಳಿಂದಲೇ ತೀರ್ಮಾನವಾಗುತ್ತದೆ. ಗಡ್ಡ ಕೆರೆಸಿ ಮುಗಿಯುವ ಮೊದಲೇ ಬೆಂಚು ಖಾಲಿಯಾಗಿತ್ತು.

ಸಂಜೆಯೊಳಗೆ ಎರಡೂ ಬೀದಿಗಳಿಗೆ ಖಚಿತವಾಯಿತು: ತೂಕದಲ್ಲಿ ಯಾವುದು ಹೆಚ್ಚೋ ಅದಕ್ಕೆ ಬೇಲಿ. ತೂಗುವವನೇ ಬರುತ್ತಾನೆಂದ ಮೇಲೆ ಬೇರೆ ಏನಿದ್ದೀತು? ಮೊಲದ ಬೀದಿಯ ಹೆಂಗಸರು ಬುಟ್ಟಿಗಟ್ಟಲೆ ಸೊಪ್ಪು ಹೊತ್ತು ಗುಡ್ಡ ಹತ್ತಿ, ಬಿಲಬಿಲಕ್ಕೂ ಇಟ್ಟು ಬಂದರು. ಪಾಚಿಯ ಬೀದಿಯ ಗಂಡಸರು ಬಟ್ಟೆ ಒಗೆಯುವುದು ಬಿಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು ಪಾಚಿಗೆ ಕುಡಿಸಿದರು. ಸಂತಾನಕ್ಕೇ ಇಷ್ಟು ಉಪಚಾರ ಮಾಡದವರು ಮೊಲಕ್ಕೆ ಮೂಲಂಗಿ ಹೆಚ್ಚಿ ಇಟ್ಟರು. ಕಾಡುಮೊಲವನ್ನು ಕಣ್ಣಿಂದ ನೋಡಿದವರೇ ಊರಲ್ಲಿ ಅಪರೂಪವಾಗಿದ್ದರು. ಈಗ ಅವು ಮಟಮಟ ಮಧ್ಯಾಹ್ನದಲ್ಲೇ ಬಿಲದ ಬಾಯಲ್ಲಿ ಕೂತು, ಮುಂದಿನ ಬುಟ್ಟಿ ಯಾಕಿನ್ನೂ ಬರಲಿಲ್ಲವೆಂಬಂತೆ ದಾರಿ ನೋಡತೊಡಗಿದವು. ಬಂಡೆಯ ಪಾಚಿ ಊದಿಕೊಂಡು ಸೋಫಾದ ಮೆತ್ತೆಯಂತಾಯಿತು.

ಅಕ್ಕ ಬಾಗಿಲು ತೆರೆದೇ ಮಾತಾಡಲು ಬಂದಳು.

"ಲೋ!"

ನಮ್ಮವನು ಬಚ್ಚಲಿನಲ್ಲಿದ್ದ. ಅಲ್ಲಿಂದ ಹೊರಬರುವ ಯೋಚನೆ ಅವನಿಗಿರಲಿಲ್ಲ.

"ಬಚ್ಚಲಲ್ಲಿ ಅವಿತ್ಕೊಂಡ್ರೆ ಬಿಡ್ತೀನಾ? ನಿನ್ನ ಮೈ ತೊಳೆದೋಳೇ ನಾನು. ಬಾರೋ ಈಚೆ!"

ಟವೆಲು ಸುತ್ತಿಕೊಂಡು ಬಂದ. ಅಕ್ಕಪಕ್ಕದ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

"ನಮ್ಮ ಮೊಲಕ್ಕೆ ಏನೋ ಕಮ್ಮಿಯಾಗಿದೆ? ಕಣ್ಣಿದೆ, ಕಿವಿಯಿದೆ, ಗಿಡ್ಡಾದ್ರೂ ಇದೆ. ಮರಿ ಹಾಕುತ್ತೆ, ಹಾಲು ಕುಡಿಸುತ್ತೆ. ಆ ಪಾಚಿಗೆ ಏನಿದೆ? ಬೇರು ಕೂಡ ಇಲ್ವಂತೆ! ಹೂ ಬಿಡಲ್ವಂತೆ! ಅಂಥದ್ದಕ್ಕೆ ಬೇಲಿ ಕಟ್ಟಿ, ಒಡಹುಟ್ಟಿದವಳ ಮನೆ ಮೇಲೆ ಬಂಡೆ ಉರುಳಿಸ್ತೀಯಾ?"

"ತಂತಿ ಇರೋದೇ ಅಷ್ಟು ಅಕ್ಕಾ..."

"ಯಾಕಿಲ್ಲ? ಆ ಸಾಹೇಬನ ಬಂಗಲೆ ಸುತ್ತ ಇರೋದೇನು, ಬಟ್ಟೆ ಒಣಗಿಸೋ ಹಗ್ಗಾನಾ?"

ತಮ್ಮ ಎರಡೂ ಕೈಯಿಂದ ಅಕ್ಕನ ಬಾಯಿ ಮುಚ್ಚಿದ. ಎರಡೂ ಕೈ ಅಲ್ಲಿಗೆ ಹೋದದ್ದರಿಂದ ಟವೆಲಿನ ಕಡೆ ಗಮನ ಹೋಗಲಿಲ್ಲ. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

"ಪಾಚಿ ಅಂತ ಏನಾದ್ರೂ ಅಂದ್ಯೋ," ಅಂದಳು ಅಕ್ಕ, ಬೆನ್ನು ತಿರುಗಿಸಿ ನಿಂತು, "ನನ್ನ ಮನೆ ಹೊಸಿಲು ತುಳೀಬೇಡ. ತುಳಿಯೋಕೆ ಹೊಸಿಲು ಉಳಿದಿದ್ರೆ."

ಅವಳ ದನಿ ಕೊನೆಯ ಮಾತಿಗೆ ಸ್ವಲ್ಪ ಅದುರಿತು. ಅದು ಸಿಟ್ಟಿನ ಅದುರಾಟವಲ್ಲ ಅನ್ನುವುದು ಅವನಿಗೆ ಗೊತ್ತಾಯಿತು. ಅಕ್ಕನೂ ಹೆದರುತ್ತಾಳೆ ಅನ್ನುವುದು ಅವನ ಬದುಕಿನಲ್ಲೇ ಹೊಸ ಸುದ್ದಿ. ಅಂಥ ಸುದ್ದಿಯಿಂದ ಧೈರ್ಯ ಬರಬೇಕಿತ್ತು. ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಅವನು ಪೆಟ್ಟಿಗೆ, ತಕ್ಕಡಿ ಹೊತ್ತು ಗುಡ್ಡಕ್ಕೆ ಹೋದದ್ದು ಸಾಹೇಬರು ಓಡಾಡು ಅಂದದ್ದಕ್ಕೆ. ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋದ. ನೆತ್ತಿ ಮುಟ್ಟಿದಾಗ ಎರಡೂ ಬೀದಿಯವರು ಅಲ್ಲೇ ಇದ್ದರು. ಅವನು ಯಾರೂ ಇಲ್ಲದ ಹೊತ್ತಿಗೆ ಬರುತ್ತಾನೆಂದು ಹೆಂಡತಿ ಹೇಳಿದ್ದಳಂತೆ.

ಒಂದು ಕಡೆ ಅಕ್ಕನ ದಂಡು. ಇನ್ನೊಂದು ಕಡೆ ಇಸ್ತ್ರಿ ಅಜ್ಜಿಯ ದಂಡು. ಅಜ್ಜಿ ತೆಳ್ಳಗೆ ನೆಟ್ಟಗೆ ಇದ್ದಳು. ಊರಿನ ಸುಕ್ಕನ್ನೆಲ್ಲ ಬಟ್ಟೆಯಿಂದ ತೆಗೆದು ತನ್ನ ಮುಖದ ಮೇಲೆ ಇಟ್ಟುಕೊಂಡವಳಂತೆ ಕಾಣುತ್ತಿದ್ದಳು.

"ಬಾಪ್ಪ," ಅಂದಳು ಅಜ್ಜಿ, ಬಹಳ ಮೆತ್ತಗೆ. "ನಿನ್ನ ಪ್ಯಾಂಟೆಲ್ಲ ಕ್ಷೇಮವಾಗಿದೆ."

ಇದಕ್ಕಿಂತ ಭಯಂಕರವಾದ ಮಾತನ್ನು ಅವನು ಕೇಳಿರಲಿಲ್ಲ.

"ಪಾಚಿಗೆ ಬೇರಿಲ್ಲ ಅಂತ ಆಡ್ಕೋತಾರಂತೆ," ಅಜ್ಜಿ ಅಕ್ಕನ ಕಡೆ ನೋಡದೆ ಅಂದಳು. "ಬೇರಿಲ್ದೆ ಬಂಡೆ ಮೇಲೆ ನಿಂತಿದೆಯಲ್ಲ, ಅದಲ್ವಾ ದೊಡ್ಡದು? ಬೇಸಿಗೇಲಿ ಬೂದಿ ಥರ ಆಗುತ್ತೆ, ಸತ್ತೇಹೋಯ್ತು ಅನ್ಬೇಕು. ಒಂದು ಹನಿ ನೀರು ಚಿಮುಕಿಸಿ, ಒಂದು ಅಂಗಿ ಮಡಚೋದ್ರೊಳಗೆ ಹಸಿರು. ಆ ಮೊಲಕ್ಕೆ ನಾಲ್ಕು ಕಾಲಿದ್ರೂ ಒಂದು ಕಡೆ ನಿಂತಿದ್ದನ್ನ ಯಾರಾದ್ರೂ ನೋಡಿದ್ದಾರಾ?"

"ಜೀವ ಇರೋದು ಓಡುತ್ತೆ!" ಅಂದಳು ಅಕ್ಕ. "ಓಡದೆ ಇರೋಕೆ ಅದೇನು ನಿಮ್ಮನೆ ಕಲ್ಲಾ?"

"ಓಡೋದು ಜೀವ ಆದ್ರೆ ಲಾರಿನೂ ಜೀವಾನೇ ಬಿಡು ತಾಯಿ."

"ನಮ್ಮ ಮೊಲದ ಮೈ ಮುಟ್ಟಿ ನೋಡಿ, ಬೆಣ್ಣೆ!"

"ನಮ್ಮ ಪಾಚಿ ಮೇಲೆ ಮಲಗಿ ನೋಡಿ, ಹತ್ತಿ!"

ಹೆಣ್ಣು ತೋರಿಸುವವರೂ ಗಂಡು ತೋರಿಸುವವರೂ ಇಷ್ಟು ಹೊಗಳಿಕೊಂಡಿರಲಿಕ್ಕಿಲ್ಲ. ನಡುವೆ ನಿಂತವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆದೂಗಿದ. ಎಡದವರು ತಮಗೆ ಒಪ್ಪಿಗೆಯಾಯಿತೆಂದು ಚಪ್ಪಾಳೆ ತಟ್ಟಿದರು, ಬಲದವರೂ ತಟ್ಟಿದರು. ಆ ಸದ್ದಿಗೆ ಪೊದೆಯಿಂದ ಒಂದು ಮೊಲ ಹಾರಿ ಅವನ ಕಾಲ ಬುಡದಲ್ಲೇ ಬಂದು ಬಿತ್ತು. ಕಂದು ಮೈ, ಕಿರಿದಾದ ಕಿವಿ, ಕರೀಕಣ್ಣು, ಸೊಪ್ಪು ತಿಂದು ಉಬ್ಬಿದ ಹೊಟ್ಟೆ.

ಮೊಲ ಅವನನ್ನು ನೋಡಿತು. ಅವನು ಮೊಲವನ್ನು ನೋಡಿದ. ಇಬ್ಬರೂ ಗರಬಡಿದವರಂತೆ ನಿಂತರು. ಹೆದರುವ ಜೀವಿಗೆ ಹೆದರುವ ಜೀವಿ ಸಿಕ್ಕರೆ ಹೀಗೇ; ಯಾರು ಮೊದಲು ಓಡಬೇಕೆಂಬ ಬಗ್ಗೆ ಸಂಕೋಚವಿರುತ್ತದೆ. ಕೊನೆಗೆ ನಮ್ಮವನೇ ಓಡಿದ. ಓಡಿ ಬಂಡೆ ಹತ್ತಿದ. ಬಂಡೆಯ ಮೇಲೆ ನೀರು ಕುಡಿದು ಕೊಬ್ಬಿದ ಪಾಚಿಯಿತ್ತು. ಕಾಲು ಆಕಾಶಕ್ಕೆ ಹೋಯಿತು, ತಲೆ ಭೂಮಿಗೆ ಬಂತು, ತಕ್ಕಡಿಯ ತಟ್ಟೆಗಳು ಕಣಕಣ ಅಂದವು.

"ಅಯ್ಯೋ!" ಎಂದು ಅಜ್ಜಿ ಓಡಿ ಬಂದಳು. "ಕಿತ್ತುಹೋಯ್ತಾ? ಎಲ್ಲಿ ತೋರ್ಸು, ಎಲ್ಲಿ ಕಿತ್ತಿದೆ?"

"ಮೊಣಕೈ ಅಜ್ಜಿ..."

"ನಿನ್ನ ಮೊಣಕೈ ಹಾಳಾಗ್ಲಿ, ಪಾಚಿ ಎಲ್ಲಿ ಕಿತ್ತಿದೆ ಅಂದೆ!"

ಅಷ್ಟರಲ್ಲಿ ಕೆಳಗಿನಿಂದ ಒಂದು ಮೃದುವಾದ ಕೆಮ್ಮು ಕೇಳಿಸಿತು. ಕೆಮ್ಮಿದವನು ಜಲ್ಲಿ ಕಂಟ್ರಾಕ್ಟರು. ಬಿಳಿ ಅಂಗಿ, ಮೂಗಿಗೆ ಕರವಸ್ತ್ರ. ಜಲ್ಲಿ ಪುಡಿಯ ಧೂಳು ತನಗೆ ಆಗುವುದಿಲ್ಲವೆಂದು ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತಿದ್ದ. ಜನ ತಾವಾಗಿಯೇ ಚದುರಿದರು. ಅವನು ನಮ್ಮವನ ಕೈಹಿಡಿದು ಎಬ್ಬಿಸಿ, ಪ್ಯಾಂಟಿಗೆ ಹತ್ತಿದ ಹಸಿರನ್ನು ತಾನೇ ಒರೆಸಿದ.

"ನಿಧಾನ ಸಾರ್. ನಿಮಗೇನಾದ್ರೂ ಆದ್ರೆ ನಮ್ಮ ಕೆಲಸ ನಿಂತುಹೋಗುತ್ತೆ."

"ನಾನಿನ್ನೂ ತೀರ್ಮಾನ ಮಾಡಿಲ್ಲ."

"ಮಾಡಿ ಸಾರ್, ಆರಾಮಾಗಿ ಮಾಡಿ. ಮೊಲವಾದ್ರೆ ಮೊಲ, ಪಾಚಿಯಾದ್ರೆ ಪಾಚಿ. ನಮಗೆ ಒಂದೇ."

ಆ ದನಿಯಲ್ಲಿ ಬೆದರಿಕೆ ಇರಲಿಲ್ಲ. ಇಬ್ಬರೂ ಮೊಲದ ಬೀದಿಗೆ ಇಳಿದರು. ಕಂಟ್ರಾಕ್ಟರನ ಆಳುಗಳು ಸುಣ್ಣದ ಡಬ್ಬಿ, ಕುಂಚ ಹಿಡಿದು ಹೋಗಿದ್ದರು. ಒಂದೊಂದು ಬಾಗಿಲ ಮೇಲೂ ಒಂದೊಂದು ಬಿಳಿ ಅಡ್ಡಗೆರೆ. ಅಕ್ಕನ ಬಾಗಿಲ ಮೇಲಿನ ಗೆರೆಯಿಂದ ಸುಣ್ಣ ಇನ್ನೂ ಇಳಿಯುತ್ತಿತ್ತು. ಗೆರೆಯ ಕೆಳಗೆ ಅಕ್ಕನ ಚಪ್ಪಲಿ.

"ಇದ್ಯಾಕೆ?"

"ಗುರುತು ಸಾರ್. ಸಿಡಿಸೋವಾಗ ಒಳಗೆ ಯಾರೂ ಇರಬಾರದಲ್ಲ."

"ಆದ್ರೆ ನಾನಿನ್ನೂ..." ಅವನು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಅಂದ್ರೆ ಪಾಚಿಗೆ ಬೇಲಿ ಅಂತ ಆಗಿಹೋಗಿದ್ಯಾ?"

"ಯಾರು ಹೇಳಿದ್ದು? ಆ ಬೀದಿಗೂ ಹಾಕಿದ್ದೀವಿ."

"ಒಂದಕ್ಕೆ ಬೇಲಿ ಬರುತ್ತಲ್ಲ!"

ಕಂಟ್ರಾಕ್ಟರು ಮಗುವಿಗೆ ಬುದ್ಧಿ ಹೇಳುವಂತೆ ನಕ್ಕ. "ಬರ್ಲಿ ಸಾರ್. ಬೇಲಿ ಅಂದ್ರೆ ತಂತಿ ತಾನೆ? ಒಂದು ಮಗ್ಗುಲು ಮುಗಿಯೋ ಹೊತ್ತಿಗೆ ಇನ್ನೊಬ್ಬ ಸಾಹೇಬರು ಬಂದಿರ್ತಾರೆ. ಅವರೂ ಬಂಗಲೆ ಕಟ್ಕೋತಾರೆ. ಬಂಗಲೆಗೆ ಬೇಲಿ ಬೇಡ್ವಾ?" ಕರವಸ್ತ್ರದಲ್ಲಿ ಮತ್ತೊಮ್ಮೆ ಮೃದುವಾಗಿ ಕೆಮ್ಮಿದ. "ಯಾವುದು ಮೊದಲು ಅಂತ ಹೇಳಿದ್ರೆ ಸಾಕು. ಅಷ್ಟೇ ನಿಮ್ಮ ಕೆಲಸ."

ನಮ್ಮವನು ಅಕ್ಕನ ಬಾಗಿಲ ಮುಂದೆ ನಿಂತ. ಒಳಗೆ ಅಕ್ಕ ಯಾವುದೋ ಪಾತ್ರೆಯನ್ನು ತಿಕ್ಕುತ್ತ, ಭಾವನನ್ನು ಬೈಯುತ್ತಿದ್ದಳು. ಹೇಳಬೇಕೆಂದು ಕೈಯೆತ್ತಿದ. ಬಾಗಿಲು ತಟ್ಟಲಾಗಲಿಲ್ಲ, ತಟ್ಟಬೇಕಾದ ಜಾಗದಲ್ಲಿ ಗೆರೆಯಿತ್ತು. ಸುಣ್ಣ ಹತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮನೆಗೆ ಓಡಿದ.

ಹೆಂಡತಿಗೆ ಹೇಳಿದ. ಹೇಳುವಾಗ ಹಲ್ಲು ಕಟಕಟ ಅಂದದ್ದರಿಂದ ಅವಳು ಮೊದಲು ಚಳಿಜ್ವರವೆಂದು ಕಂಬಳಿ ಹೊದಿಸಿದಳು. ಅರ್ಥವಾದ ಮೇಲೆ ಕಂಬಳಿಯನ್ನು ಕಿತ್ತುಕೊಂಡಳು.

"ನಿಮ್ಮಕ್ಕನಿಗೆ ಹೇಳಿದ್ರಾ?"

"ಹೆದರಿಕೆ ಆಯ್ತು."

"ಅಜ್ಜಿಗೆ?"

"ಅಜ್ಜಿ ಹೆಸರು ಎತ್ತಬೇಡ."

ಅವಳು ಚಪ್ಪಲಿ ಮೆಟ್ಟಿದಳು. "ಕೂತಿರಿ ಇಲ್ಲೇ. ನಾನು ಹೇಳಿ ಬರ್ತೀನಿ."

"ಸಾಹೇಬರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಕಣೇ!"

"ಹೂಂ," ಅಂದಳು ಅವಳು. ಅವಳ ಮುಖವೂ ಬಿಳುಚಿತ್ತು. "ಹೋಗುತ್ತೆ."

ಅಂದು ಸಂಜೆ ಗುಡ್ಡದ ಮೇಲೆ ಯಾರೂ ಸೊಪ್ಪು ಹೊರಲಿಲ್ಲ, ನೀರು ಹೊರಲಿಲ್ಲ. ಮೊಲಗಳು ಬಿಲದ ಬಾಯಲ್ಲಿ ಬಹಳ ಹೊತ್ತು ಕಾದು, ಈ ಜನರ ಮಾತಿಗೆ ನೆಲೆಯಿಲ್ಲವೆಂದು ಒಳಗೆ ಹೋದವು.

ದೊಡ್ಡ ಸಾಹೇಬರಿಗೆ ತೂಕದ ಸುದ್ದಿ ಮುಟ್ಟಿದ್ದು ಕ್ಷೌರದಂಗಡಿಯಿಂದಲೇ. ಕೇಳಿ ಕುಣಿದಾಡಿದರು. "ಎಂಥ ತಲೆರೀ ಅವನದು! ತಕ್ಕಡಿ ಹೇಳ್ತು ಅಂದ್ರೆ ಯಾರು ನಮ್ಮನ್ನ ಬೈತಾರೆ? ಎಲ್ಲರ ಕಣ್ಮುಂದೆ ತೂಗಿಸಿ!" ನಮ್ಮವನು ಜ್ವರವೆಂದು ಹೇಳಿ ಕಳಿಸಿದ. ಜ್ವರದ ಸಮೇತ ಬರಬೇಕೆಂದು ಉತ್ತರ ಬಂತು.

ಗುಡ್ಡದ ಬುಡದ ಬಯಲಿನಲ್ಲಿ ಕುರ್ಚಿ, ಕುರ್ಚಿಯ ಮೇಲೆ ಸಾಹೇಬರು, ಸಾಹೇಬರ ಮೇಲೆ ಜವಾನ ಹಿಡಿದ ಕೊಡೆ. ಪಕ್ಕದಲ್ಲಿ ಕಂಟ್ರಾಕ್ಟರು, ಅವನ ಹಿಂದೆ ಬಂಡೆ ಕೊರೆಯುವ ಯಂತ್ರ. ಅದರ ಎಂಜಿನ್ನನ್ನು ಆರಿಸಿರಲಿಲ್ಲ. ನೆಲ ಸಣ್ಣಗೆ ಅದುರುತ್ತಿತ್ತು. ಎರಡೂ ಬೀದಿಯವರು ಬಂದಿದ್ದರು. ಒಂದು ಕಡೆ ಮೊಲದವರು, ಇನ್ನೊಂದು ಕಡೆ ಪಾಚಿಯವರು ಇರಬೇಕಿತ್ತು. ಹಾಗಿರಲಿಲ್ಲ, ಕಲೆತು ನಿಂತಿದ್ದರು. ಅಕ್ಕನ ಪಕ್ಕದಲ್ಲಿ ಇಸ್ತ್ರಿ ಅಜ್ಜಿ. ಯಾರೂ ಬೈಯುತ್ತಿರಲಿಲ್ಲ. ಬೈಗುಳಕ್ಕೆ ಒಗ್ಗಿದ ಕಿವಿಗೆ ಆ ಮೌನ ಸಿಡಿಮದ್ದಿನ ಬತ್ತಿ ಉರಿಯುವ ಹೊತ್ತಿನಂತೆ ಕೇಳಿಸಿತು.

ನಮ್ಮವನು ತಕ್ಕಡಿ ಹಿಡಿದು ನಡುವೆ ನಿಂತ. ಕಾವಲುಗಾರನೊಬ್ಬ ಬಿದಿರಿನ ಬುಟ್ಟಿಯೊಂದನ್ನು ತಂದಿಟ್ಟ. ಬುಟ್ಟಿ ತಾನಾಗಿಯೇ ನಡುಗುತ್ತಿತ್ತು. ಒಳಗೆ ಮೊಲ.

"ಅವನ ಕೈಗೆ ಕರಣೆ ಕೊಡ್ರಿ," ಅಂದರು ಸಾಹೇಬರು. ಗಾರೆ ಕೆಲಸದ ಕರಣೆಯೊಂದು ಅವನ ಕೈಗೆ ಬಂತು. "ಬಂಡೆ ಹತ್ತಿ ಪಾಚಿ ಕೆರೆದು ತಾ. ಆ ತಟ್ಟೆಗೆ ಹಾಕು. ಈ ತಟ್ಟೆಗೆ ಮೊಲ."

"ಎಷ್ಟು ಕೆರೀಲಿ ಸಾರ್?"

ಸಾಹೇಬರು ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ಊರಿಗೆ ಏನಾದರೊಂದು ಆಗುತ್ತಿತ್ತು. "ಸ್ವಲ್ಪ ಕೆರೆದ್ರೆ ಪಾಚಿಗೆ ಅನ್ಯಾಯ. ಪೂರ್ತಿ ಕೆರಿ."

"ಪೂರ್ತಿ ಪಾಚಿಗೆ ಒಂದೇ ಮೊಲ ಅಂದ್ರೆ ಮೊಲಕ್ಕೆ ಅನ್ಯಾಯ ಸಾರ್," ಅಂದ ಮೂಲೆಯ ಗುಮಾಸ್ತ, ಇಲ್ಲೂ ಒಂದು ಮೂಲೆ ಹುಡುಕಿ ನಿಂತಿದ್ದವನು.

"ಸರಿಯಾದ ಮಾತು. ಮೊಲಗಳನ್ನೂ ಪೂರ್ತಿ ಹಿಡೀರಿ. ಬಿಲಕ್ಕೆ ಹೊಗೆ ಹಾಕಿದ್ರೆ ತಾವೇ ಬರ್ತವೆ."

ಅಕ್ಕ ಬಾಯಿಬಿಟ್ಟಳು. "ಅಲ್ಲ ಸ್ವಾಮಿ, ಮೊಲ ಎಲ್ಲ ಹಿಡಿದು, ಪಾಚಿ ಎಲ್ಲ ಕೆರೆದ ಮೇಲೆ ಬೇಲಿ ಯಾವುದಕ್ಕೆ ಹಾಕ್ತೀರಿ?"

"ಗೆದ್ದದ್ದಕ್ಕೆ!" ಅಂದರು ಸಾಹೇಬರು.

ಯಂತ್ರ ಗುಡುಗುಡು ಅನ್ನುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಅಕ್ಕ ಅಜ್ಜಿಯ ಮೊಣಕೈ ಹಿಡಿದುಕೊಂಡಳು. ಹೆಂಡತಿ ಇನ್ನೊಂದು ಪಕ್ಕದಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಮಾಡಿ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ, ಸುಮ್ಮನೆ ನೋಡುತ್ತಿದ್ದಳು.

ನಮ್ಮವನು ಬಂಡೆಯ ಕಡೆ ಒಂದು ಹೆಜ್ಜೆ ಇಟ್ಟ. ನಿಂತ. ಬುಟ್ಟಿಯ ಸಂದಿನಲ್ಲಿ ಒಂದು ಕರೀಕಣ್ಣು ಅವನನ್ನು ನೋಡುತ್ತಿತ್ತು. ಅದು ಓಡಲಾರದ ಜಾಗದಲ್ಲಿತ್ತು. ಪಾಚಿ ಓಡುವ ಜಾತಿಯಲ್ಲ. ಅವನು ಮಾತ್ರ ಓಡಬಹುದಿತ್ತು. ಬಯಲು ತೆರೆದೇ ಇತ್ತು, ಬದುಕಿಡೀ ಅಭ್ಯಾಸವೂ ಇತ್ತು. ಕಾಲು ಆಗಲೇ ಹಿಂದಕ್ಕೆ ತಿರುಗಿತ್ತು. ತಕ್ಕಡಿಯ ತಟ್ಟೆಗಳು ಸರಪಳಿ ಸಮೇತ ಕಣಕಣ ಅನ್ನುತ್ತಿದ್ದವು. ಅವುಗಳಷ್ಟೇ ಅವನ ಹಲ್ಲೂ ಅನ್ನುತ್ತಿತ್ತು.

ಅವನು ಕರಣೆಯನ್ನು ನೆಲಕ್ಕಿಟ್ಟ. ತಕ್ಕಡಿಯನ್ನೂ ಇಟ್ಟ. ಆಮೇಲೆ, ಕಾಲು ನಿಲ್ಲದ್ದರಿಂದ, ಬುಟ್ಟಿಯ ಪಕ್ಕದಲ್ಲಿ ತಾನೂ ಕೂತುಬಿಟ್ಟ.

"ಏಳೋ! ಏನಾಯ್ತು ನಿನಗೆ?"

"ಹೆದರಿಕೆ ಸಾರ್."

"ಯಾರದ್ದು? ಈ ಬೀದಿಯವರು ಹೆದರಿಸಿದ್ರಾ? ಹೇಳು, ಒಳಗೆ ಹಾಕಿಸ್ತೀನಿ."

"ಅವರೂ ಹೆದರಿಸಿದ್ರು ಸಾರ್. ಮೊದಲು."

"ಈಗ ಯಾರ ಹೆದರಿಕೆ?"

ಅವನು ತಲೆಯೆತ್ತಿದ. ಬೆವರು ಕಣ್ಣಿಗಿಳಿದು ಸಾಹೇಬರು ಇಬ್ಬಿಬ್ಬರಾಗಿ ಕಂಡರು.

"ನಿಮ್ದೇ ಸಾರ್. ಕೈಕಾಲು ಆಡ್ತಿಲ್ಲ ನೋಡಿ."

ಸಾಹೇಬರಿಗೆ ಸಮಾಧಾನವಾಯಿತು. ಕುರ್ಚಿಗೆ ಒರಗಿದರು. "ಹಾಂ, ಹಾಗೆ ಬಾ ದಾರಿಗೆ. ತಗೋ ಕರಣೆ, ಕೆರಿ ಹೋಗು."

"ಇಲ್ಲ ಸಾರ್," ಅಂದ ಅವನು, ನಡುಗುತ್ತಲೇ. "ನಾನು ಕೆರಿಯಲ್ಲ."